ಎಲೆಗೆ ಮಾತ್ರ ನೀರು

ನಾರಾವಿಯ ರಾಜೀವಿ ಬೀಡಿ ಕಟ್ಟಲು ಕೂತರೆ ಏಳುವ ಪೈಕಿ ಅಲ್ಲ. ಬೆಳಿಗ್ಗೆ ಒಂದು ಲೋಟ ಚಹಾ ಕುಡಿದು, ಜಗಲಿಯ ಗೋಡೆಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ತಡ್ಪೆ ಇಟ್ಟುಕೊಂಡಳೆಂದರೆ ಮುಗಿಯಿತು. ತಡ್ಪೆ ಎಂದರೆ ಗೆರಸೆ. ಅದರಲ್ಲಿ ಒಂದು ಬದಿಗೆ ಕತ್ತರಿಸಿದ ಎಲೆ, ಇನ್ನೊಂದು ಬದಿಗೆ ಹೊಗೆಸೊಪ್ಪಿನ ಪುಡಿ, ಮೂಲೆಯಲ್ಲಿ ನೂಲಿನ ಉಂಡೆ. ಗಂಡ ಲೋಕಯ್ಯ ರಬ್ಬರ್ ಟ್ಯಾಪಿಂಗ್ ಮುಗಿಸಿ ಬಂದು ಗಂಜಿ ಕೇಳುವವರೆಗೆ ಅವಳ ಬೆರಳು ನಿಲ್ಲುತ್ತಿರಲಿಲ್ಲ, ಸೊಂಟ ಅಲುಗುತ್ತಿರಲಿಲ್ಲ. ಊರಿನ ಹೆಂಗಸರ ನಡುವೆ ಅವಳಿಗೆ ಅದೇ ಒಂದು ಹೆಸರು.

ಆ ಹೆಸರಿನ ಹಿಂದೆ ಒಂದು ಗುಟ್ಟಿತ್ತು. ಅವಳು ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗಬೇಕು. ಹೋಗಬೇಕೆಂದರೆ ತಡ್ಪೆ ಇಳಿಸಬೇಕು, ಹೊಗೆಸೊಪ್ಪಿನ ಕೈಗೆ ಸೋಪು ಹಾಕಿ ತೊಳೆಯಬೇಕು, ಹಿತ್ತಿಲಿನ ತುದಿಯಲ್ಲಿರುವ ಟಾಯ್ಲೆಟ್ಟಿಗೆ ನಡೆಯಬೇಕು. ಮತ್ತೆ ಬಂದು ಕೂತರೆ ಓಟ ತಪ್ಪಿದ ಕೈ ಬೇಗ ಓಡುವುದಿಲ್ಲ. ಒಮ್ಮೆ ಎದ್ದರೆ ಒಂದು ಕಟ್ಟು ಬೀಡಿ ಹೋಯಿತು ಎಂದು ಅವಳು ಹೇಳುತ್ತಿದ್ದಳು. ಹಾಗಾಗಿ ಬಾಯಾರಿದರೂ ತಡೆದುಕೊಳ್ಳುವುದು, ಒತ್ತಡ ಬಂದರೂ ತಡೆದುಕೊಳ್ಳುವುದು.

ಪಕ್ಕದಲ್ಲಿ ಒಂದು ತಂಬಿಗೆ ನೀರು ಮಾತ್ರ ಯಾವಾಗಲೂ ಇರುತ್ತಿತ್ತು. ಅದು ಎಲೆಗೆ. ಬೀಡಿ ಎಲೆ ಒಣಗಿದರೆ ಸುತ್ತುವಾಗ ಒಡೆಯುತ್ತದೆ. ಒಡೆದದ್ದನ್ನು ಬೀಡಿ ಕಂಪನಿಯ ಬ್ರಾಂಚಿನವರು ಪಕ್ಕಕ್ಕೆ ಹಾಕುತ್ತಾರೆ. ಅದಕ್ಕಾಗಿ ರಾಜೀವಿ ಗಳಿಗೆಗೊಮ್ಮೆ ಕೈ ಅದ್ದಿ ಎಲೆಗೆ ನೀರು ಚಿಮುಕಿಸುತ್ತಿದ್ದಳು, ಒದ್ದೆ ಬಟ್ಟೆ ಮುಚ್ಚುತ್ತಿದ್ದಳು. ಎಲೆಯನ್ನು ಅವಳಷ್ಟು ಚೆನ್ನಾಗಿ ನೋಡಿಕೊಳ್ಳುವವರು ಇಡೀ ನಾರಾವಿಯಲ್ಲಿ ಇರಲಿಲ್ಲ.

ವರ್ಷಕ್ಕೆ ಎರಡು ಮೂರು ಸಲ ಅವಳಿಗೆ ಉರಿಮೂತ್ರ ಆಗುತ್ತಿತ್ತು. ಅದನ್ನು ರೋಗವೆಂದು ಎಣಿಸಿದವಳೇ ಅಲ್ಲ. ಉಷ್ಣ ಅಷ್ಟೇ ಎನ್ನುತ್ತಿದ್ದಳು. ಕಳೆದ ವರ್ಷ ಒಮ್ಮೆ ಮಾತ್ರ ತಡೆಯಲಾಗದೆ ಡಾಕ್ಟರ ಬಳಿ ಹೋಗಿದ್ದಳು. ಏಳು ದಿನದ ಮಾತ್ರೆ ಕೊಟ್ಟಿದ್ದರು. ಮೂರನೇ ದಿನಕ್ಕೆ ಉರಿ ನಿಂತಿತು, ಮಾತ್ರೆಯನ್ನೂ ನಿಲ್ಲಿಸಿದಳು. ಉಳಿದದ್ದನ್ನು ಎಸೆಯಲು ಮನಸ್ಸು ಬರದೆ ಅಡುಗೆಮನೆಯ ಖಾಲಿ ಬಿಸ್ಕಿಟ್ ಡಬ್ಬಿಯಲ್ಲಿ ಇಟ್ಟಿದ್ದಳು.

ಈ ವರ್ಷ ಮಾರ್ಚ್ ತಿಂಗಳಲ್ಲಿ ಮಗಳು ವಿಸ್ಮಿತಾ ಸೀಮಂತ ಮುಗಿಸಿಕೊಂಡು ತವರಿಗೆ ಬಂದಳು. ಅವಳನ್ನು ಕೊಟ್ಟದ್ದು ಮೂಡುಬಿದಿರೆಯ ಹತ್ತಿರ ಪುತ್ತಿಗೆಗೆ. ಅಳಿಯ ಮನ್ವಿತ್ ಪಾಣೆಮಂಗಳೂರಿನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮೊದಲೊಂದು ಬಸಿರು ಮೂರು ತಿಂಗಳಿಗೇ ಹೋಗಿತ್ತು. ಆ ನೋವು ಮಗಳಿಗಿಂತ ತಾಯಿಯ ಹೊಟ್ಟೆಯಲ್ಲೇ ಹೆಚ್ಚು ಕೂತಿತ್ತು. ಈ ಸಲ ಏಳು ತಿಂಗಳು ತುಂಬಿದಾಗ ರಾಜೀವಿ ಊರ ದೈವಕ್ಕೆ ಕೈಮುಗಿದು, ಇನ್ನು ಹೆದರಿಕೆ ಇಲ್ಲ ಎಂದುಕೊಂಡಳು. ಹೆದರಿಕೆ ಶುರುವಾಗುವುದೇ ಇನ್ನು ಮುಂದೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಬಂದ ಮರುದಿನವೇ ಆಶಾ ಕಾರ್ಯಕರ್ತೆ ಜ್ಯೋತ್ಸ್ನಾ ಸ್ಕೂಟರಿನಲ್ಲಿ ಬಂದು ವಿಸ್ಮಿತಾಳ ತಾಯಿ ಕಾರ್ಡು ನೋಡಿದಳು. ಗರ್ಭಿಣಿ ಹೊಗೆಸೊಪ್ಪಿನ ಹತ್ತಿರ ಕೂರಬಾರದು, ಅದರ ಧೂಳೂ ಮಗುವಿಗೆ ಒಳ್ಳೆಯದಲ್ಲ ಎಂದು ತಾಯಿಗೂ ಮಗಳಿಗೂ ಹೇಳಿದಳು. ರಾಜೀವಿ ನಕ್ಕುಬಿಟ್ಟಳು. ವಿಸ್ಮಿತಾ ಹೊಟ್ಟೆಯಲ್ಲಿದ್ದಾಗ ಹೆರಿಗೆಯ ಹಿಂದಿನ ದಿನವೂ ತಾನು ಬೀಡಿ ಕಟ್ಟಿದ್ದನ್ನು ಹೆಮ್ಮೆಯಿಂದ ಹೇಳಿಕೊಂಡಳು. ಕೊನೆಗೆ ವಿಸ್ಮಿತಾ ಪುಡಿ ಮುಟ್ಟುವುದಿಲ್ಲ, ದೂರದಲ್ಲಿ ಕೂತು ಎಲೆ ಮಾತ್ರ ಕತ್ತರಿಸುತ್ತಾಳೆ ಎಂದು ಒಂದು ರಾಜಿ ಆಯಿತು. ಜ್ಯೋತ್ಸ್ನಾಳಿಗೆ ಅದು ಒಪ್ಪಿಗೆಯಿರಲಿಲ್ಲ.

ಹೀಗೆ ತಾಯಿ ಮಗಳು ಜಗಲಿಯಲ್ಲಿ ಕೂತರು. ಕೆಲಸದ ಜೊತೆಗೆ ತಾಯಿಯ ಅಭ್ಯಾಸವೂ ಮಗಳಿಗೆ ಬಂತು. ಹಾಗೆ ನೋಡಿದರೆ ಅದು ಹೊಸದೇನಲ್ಲ. ಹತ್ತನೇ ಕ್ಲಾಸಿನಿಂದಲೇ ರಾಜೀವಿ ಅವಳಿಗೆ ಕಲಿಸಿದ್ದು ಅದನ್ನೇ. ಎದ್ದು ಎದ್ದು ಹೋಗುವವರು ಬೀಡಿ ಕಟ್ಟಿದ ಹಾಗೆಯೇ ಎಂದು ಗದರುತ್ತಿದ್ದಳು.

ಒಂದು ವಾರ ಕಳೆಯುವಷ್ಟರಲ್ಲಿ ವಿಸ್ಮಿತಾ ಪದೇ ಪದೇ ಹಿತ್ತಿಲಿಗೆ ಹೋಗತೊಡಗಿದಳು. ಹೋದರೆ ನಾಲ್ಕು ಹನಿ, ಬಂದು ಕೂತರೆ ಮತ್ತೆ ಹೋಗಬೇಕು ಎನಿಸುವುದು. ಬಸುರಿಯರಿಗೆ ಇದೆಲ್ಲ ಇದ್ದದ್ದೇ ಎಂದು ರಾಜೀವಿ ತಲೆ ಕೆಡಿಸಿಕೊಳ್ಳಲಿಲ್ಲ. ಹೀಗೆ ಶುರುವಾದ ಮೂರನೇ ದಿನ ಮಗಳು ಅಡುಗೆಮನೆಗೆ ಬಂದು, ಅಪ್ಪನಿಗೆ ಕೇಳದ ಹಾಗೆ ಸಣ್ಣ ದನಿಯಲ್ಲಿ ಹೇಳಿದಳು.

"ಅಮ್ಮ, ಹೋಗುವಾಗ ತುಂಬಾ ಉರಿ. ಹೊಟ್ಟೆಯ ಅಡಿಯಲ್ಲಿ ಹಿಡಿದ ಹಾಗೆ ನೋವು ಉಂಟು. ಮೂತ್ರ ಕಲಕಿದ ಹಾಗೆ, ಒಂಥರಾ ವಾಸನೆ."

"ಉಷ್ಣ ಮಗಾ. ನನಗೂ ಆಗ್ತದೆ. ಎರಡು ದಿನದಲ್ಲಿ ಹೋಗ್ತದೆ" ಎಂದಳು ರಾಜೀವಿ.

ಅಂದಿನಿಂದ ಮನೆಯಲ್ಲಿ ಉಪಚಾರವೋ ಉಪಚಾರ. ಬೆಳಿಗ್ಗೆ ಎಳನೀರು, ಮಧ್ಯಾಹ್ನ ಪುನರ್ಪುಳಿ ಹಣ್ಣಿನ ಶರಬತ್ತು, ಸಂಜೆ ಜೀರಿಗೆ ಕೊತ್ತಂಬರಿಯ ಕಷಾಯ. ಇವು ಯಾವುದೂ ಕೆಟ್ಟದ್ದಲ್ಲ, ಬಿಸಿಲಿಗೆ ಮೈ ತಂಪಾಗುತ್ತದೆ, ಹೊಟ್ಟೆಗೂ ಹಿತ. ಆದರೆ ಮೂತ್ರದ ಚೀಲದಲ್ಲಿ ರೋಗಾಣು ಮನೆ ಮಾಡಿ ಕೂತಿದ್ದರೆ ಅದು ಪುನರ್ಪುಳಿಗೆ ಹೆದರಿ ಎದ್ದು ಹೋಗುವುದಿಲ್ಲ.

ಅದೇ ವಾರ ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಯರ ತಪಾಸಣೆ ಇತ್ತು. ಬಸ್ಸಿನಲ್ಲಿ ಹೋಗಬೇಕು, ದಾರಿಯಲ್ಲಿ ಎಲ್ಲಿ ಹೋಗುವುದು ಎಂದು ರಾಜೀವಿ ಬೆಳಗಿನಿಂದ ಮಗಳಿಗೆ ನೀರು ಕುಡಿಯಲು ಬಿಡಲಿಲ್ಲ. ಅಲ್ಲಿ ನರ್ಸಮ್ಮ ಮೂತ್ರ ಪರೀಕ್ಷೆಗೆ ಒಂದು ಸಣ್ಣ ಬಾಟಲಿ ಕೊಟ್ಟರು. ವಿಸ್ಮಿತಾ ಒಳಗೆ ಹೋಗಿ ಹತ್ತು ನಿಮಿಷ ನಿಂತರೂ ಬಾಟಲಿಯ ತಳ ಮುಚ್ಚಲಿಲ್ಲ. ನೀರು ಕುಡಿದು ಅರ್ಧ ಗಂಟೆ ಕಾಯಿರಿ ಎಂದರು ನರ್ಸಮ್ಮ. ಬೇರೆ ತೊಂದರೆ ಏನಾದರೂ ಉಂಟಾ ಎಂದೂ ಕೇಳಿದರು. ಪಕ್ಕದ ಬೆಂಚಿನಲ್ಲಿ ನೆರೆಮನೆಯ ಡೊಂಬಯ್ಯಣ್ಣ ಬಿಪಿ ನೋಡಿಸಲು ಕೂತಿದ್ದರು. ವಿಸ್ಮಿತಾ ತಲೆ ತಗ್ಗಿಸಿದಳು, ರಾಜೀವಿ ಏನಿಲ್ಲ ಎಂದಳು. ಅಂದು ಬ್ರಾಂಚಿಗೆ ಬೀಡಿ ಕೊಡುವ ದಿನ ಬೇರೆ. ನಾಳೆ ಬಂದು ಕೊಡುತ್ತೇವೆ ಎಂದು ಖಾಲಿ ಬಾಟಲಿ ಚೀಲಕ್ಕೆ ಹಾಕಿಕೊಂಡು ತಾಯಿ ಮಗಳು ಬಸ್ಸು ಹತ್ತಿದರು. ಆ ನಾಳೆ ಬರಲೇ ಇಲ್ಲ.

ಅಂದು ಸಂಜೆ ವಿಸ್ಮಿತಾ ಹಿತ್ತಿಲಿನಿಂದ ಕಣ್ಣೊರೆಸಿಕೊಂಡು ಬಂದಳು. ಅದನ್ನು ಕಂಡು ರಾಜೀವಿ ಅಡುಗೆಮನೆಗೆ ಹೋದಳು. ಬಿಸ್ಕಿಟ್ ಡಬ್ಬಿ ತೆಗೆದಳು. ಕಳೆದ ವರ್ಷದ ಮಾತ್ರೆ ಅಲ್ಲೇ ಇತ್ತು. ತನಗೆ ಗುಣವಾದ ಮದ್ದು, ತನ್ನ ಮಗಳಿಗೆ ಯಾಕೆ ಆಗಬಾರದು? ಬಸುರಿಗೆ ಕೊಡಬಹುದೋ ಇಲ್ಲವೋ ಎಂದು ಒಂದು ಕ್ಷಣ ಕೈ ನಿಂತದ್ದು ನಿಜ. ಆದರೆ ಕೇಳಿದರೆ ಜ್ಯೋತ್ಸ್ನಾ ಸುಮ್ಮನೆ ದೊಡ್ಡದು ಮಾಡುತ್ತಾಳೆ ಎನಿಸಿತು. ರಾತ್ರಿ ಒಂದು ಕೊಟ್ಟಳು, ಮರುದಿನ ಎರಡು. ಉರಿ ತಗ್ಗಿತು, ಮಾತ್ರೆಯೂ ಅಲ್ಲಿಗೇ ನಿಂತಿತು. ವಿಸ್ಮಿತಾ ನಕ್ಕು ಎರಡು ತುತ್ತು ಹೆಚ್ಚು ಊಟ ಮಾಡಿದಳು. ಜ್ಯೋತ್ಸ್ನಾ ಫೋನು ಮಾಡಿ ಮೂತ್ರ ಪರೀಕ್ಷೆಯ ವಿಷಯ ಕೇಳಿದಾಗ ರಾಜೀವಿ ಎಲ್ಲ ಸರಿ ಉಂಟು ಎಂದು ಇಟ್ಟುಬಿಟ್ಟಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ?

ಮಾತ್ರೆ ಕೊಟ್ಟ ನಾಲ್ಕನೇ ದಿನ ಮಧ್ಯಾಹ್ನ, ಅಂಗಳದಲ್ಲಿ ಕಾಲಿಡಲಾಗದ ಬಿಸಿಲು. ಒಳಗೆ ಮಲಗಿದ್ದ ವಿಸ್ಮಿತಾ ಕಂಬಳಿ ಕೇಳಿದಳು.

ರಾಜೀವಿ ತಡ್ಪೆ ಇಳಿಸಿ ಹೋಗಿ ನೋಡಿದರೆ ಹುಡುಗಿ ಗಡಗಡ ನಡುಗುತ್ತಿದ್ದಾಳೆ, ಹಲ್ಲಿಗೆ ಹಲ್ಲು ಬಡಿಯುತ್ತಿದೆ. ಹಣೆ ಮುಟ್ಟಿದರೆ ಕೈ ಸುಡುತ್ತಿತ್ತು. ಎಳನೀರು ಹೆಚ್ಚಾಗಿ ಶೀತವಾಯಿತು ಎಂದು ಕಾಳುಮೆಣಸಿನ ಕಷಾಯ ಮಾಡಿ ಕುಡಿಸಿದಳು, ಅದು ಹಾಗೆಯೇ ವಾಂತಿಯಾಯಿತು. ಬೆನ್ನಿನ ಬಲಗಡೆ, ಪಕ್ಕೆಲುಬಿನ ಕೆಳಗೆ ಮುಟ್ಟಲು ಬಿಡುತ್ತಿರಲಿಲ್ಲ. ಲೋಕಯ್ಯ ಬಾಗಿಲಲ್ಲಿ ನಿಂತು, ಯಾವುದಕ್ಕೂ ಮೊದಲು ದೈವಕ್ಕೆ ಒಂದು ಹರಕೆ ಹೇಳಿಕೊಳ್ಳುವ, ಸಂಜೆಯವರೆಗೆ ನೋಡುವ ಎಂದರು. ರಾಜೀವಿಯೂ ಹೂಂ ಎನ್ನುವವಳಿದ್ದಳು. ಅಷ್ಟರಲ್ಲಿ ವಿಸ್ಮಿತಾ ಅವಳ ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ, ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಸಡಿಲವಾಯಿತು.

"ಅಮ್ಮ, ಇದು ಬೆಳಗಿನಿಂದ ಹೀಗೆ ಬಂದು ಬಂದು ಹೋಗ್ತಾ ಉಂಟು" ಎಂದಳು.

ಎಂಟು ತಿಂಗಳೂ ತುಂಬಿಲ್ಲ. ಹೆತ್ತವಳಿಗೆ ಆ ಗಟ್ಟಿಯ ಅರ್ಥ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಮೊದಲ ಬಸಿರು ಹೋದ ದಿನದ ಮಗಳ ಮುಖ ಕಣ್ಣ ಮುಂದೆ ಬಂತು. ರಾಜೀವಿ ಜ್ಯೋತ್ಸ್ನಾಳಿಗೆ ಫೋನು ಮಾಡಿದಳು. ಏನು ಹೇಳಿದಳೋ ಅವಳಿಗೇ ನೆನಪಿಲ್ಲ.

ಜ್ಯೋತ್ಸ್ನಾ ಹತ್ತು ನಿಮಿಷದಲ್ಲಿ ಬಂದಳು. ಬೈಯಲಿಲ್ಲ, ಗಾಬರಿಯನ್ನೂ ತೋರಿಸಲಿಲ್ಲ. ಗಡಿಯಾರ ನೋಡಿ ಹೊಟ್ಟೆ ಎಷ್ಟು ಹೊತ್ತಿಗೊಮ್ಮೆ ಗಟ್ಟಿಯಾಗುತ್ತದೆ ಎಂದು ಎಣಿಸಿದಳು, ನೀರು ಅಥವಾ ರಕ್ತ ಹೋಗಿದೆಯೇ ಎಂದು ಕೇಳಿದಳು, ಬೆನ್ನು ಮುಟ್ಟಿ ನೋಡಿದಳು.

"ರಾಜೀವಕ್ಕ, ಇದು ಶೀತ ಅಲ್ಲ. ಮೂತ್ರದ ಸೋಂಕು ಮೇಲೆ ಕಿಡ್ನಿಗೆ ಹತ್ತಿದ ಹಾಗೆ ಕಾಣ್ತದೆ. ಅದರಿಂದಲೇ ಹೊಟ್ಟೆ ಹಿಡಿಯಲಿಕ್ಕೆ ಶುರುವಾಗಿದೆ. ಸಂಜೆಯವರೆಗೆ ಕಾಯುವ ಹಾಗಿಲ್ಲ, ಈಗಲೇ ಹೊರಡುವ" ಎಂದು 108ಕ್ಕೆ ಫೋನು ಮಾಡಿದಳು.

ರಾಜೀವಿಯ ಮನೆಯಿರುವುದು ಗುಡ್ಡದ ಮೇಲೆ, ದೊಡ್ಡ ವಾಹನ ಹತ್ತುವುದಿಲ್ಲ. ಊರಿನಲ್ಲಿ ರಿಕ್ಷಾ ಓಡಿಸುವ ಬಾವಾಕ ತಮ್ಮ ರಿಕ್ಷಾವನ್ನು ಅಂಗಳದವರೆಗೆ ತಂದು, ಒಂದು ಗುಂಡಿಯೂ ತಾಗದ ಹಾಗೆ ಇಳಿಸಿ ಪೇಟೆಯವರೆಗೆ ಬಿಟ್ಟರು. ಅಲ್ಲಿ ಆಂಬುಲೆನ್ಸ್ ನಿಂತಿತ್ತು, ಜ್ಯೋತ್ಸ್ನಾಳೂ ಜೊತೆಗೆ ಹತ್ತಿದಳು. ಮೂಡುಬಿದಿರೆ ಮುಟ್ಟುವವರೆಗೆ ರಾಜೀವಿ ಮಗಳ ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಗಟ್ಟಿಯಾದಾಗಲೆಲ್ಲ ಉಸಿರು ಹಿಡಿಯುತ್ತಿದ್ದಳು, ಸಡಿಲವಾದಾಗ ಬಿಡುತ್ತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ವಿಜೇತಾ ಎಂಬವರು ನೋಡಿದರು. ಕೈಗೆ ಸೂಜಿ ಹಾಕಿ ಗ್ಲೂಕೋಸ್ ಕೊಡಿಸಿದರು, ರಕ್ತ ತೆಗೆಸಿದರು, ಮೂತ್ರ ತೆಗೆಸಿದರು. ಮಗುವಿನ ಎದೆಬಡಿತ ಕೇಳುವ ಮೆಷಿನ್ ಹೊಟ್ಟೆಗೆ ಕಟ್ಟಿಸಿದರು. ಟಕಟಕ ಎಂದು ಓಡುವ ಆ ಸದ್ದು ಕೋಣೆಯಲ್ಲಿ ತುಂಬಿತು. ಬಡಿತ ಸ್ವಲ್ಪ ಜೋರಾಗಿದೆ, ತಾಯಿಗೆ ಜ್ವರ ಇದ್ದರೆ ಹಾಗಾಗುತ್ತದೆ ಎಂದರು. ನಂತರ ಕಾಗದ ಪೆನ್ನು ಹಿಡಿದು ಕೇಳಿದರು.

"ಈ ಉರಿಗೆ ಮನೆಯಲ್ಲಿ ಯಾವುದಾದರೂ ಮಾತ್ರೆ ತಗೊಂಡಿದ್ದೀರಾ?"

ವಿಸ್ಮಿತಾ ತಾಯಿಯ ಮುಖ ನೋಡಿದಳು. "ಇಲ್ಲ ಡಾಕ್ಟ್ರೆ, ಎಳನೀರು ಕಷಾಯ ಅಷ್ಟೇ" ಎಂದಳು.

ಜ್ವರದಲ್ಲಿ ಬೆಂದ ತುಟಿ, ಹೊಟ್ಟೆಯಲ್ಲಿ ಕಲ್ಲಿನಂಥ ನೋವು, ಅದರ ನಡುವೆಯೂ ಮಗಳು ಸುಳ್ಳು ಹೇಳಿದ್ದು ಅಮ್ಮನಿಗೆ ಯಾರೂ ಬೈಯದಿರಲಿ ಎಂದು. ಅದು ರಾಜೀವಿಗೆ ಆ ಕ್ಷಣವೇ ಅರ್ಥವಾಯಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಈಗ ಬರುವ ಅಳಿಯನ ಮುಖವನ್ನು ಹೇಗೆ ನೋಡುವುದು? ಬೀಗಿತ್ತಿಯ ಮುಂದೆ ಹೇಗೆ ನಿಲ್ಲುವುದು? ಆದರೆ ಮಗುವಿನ ಎದೆಬಡಿತ ಟಕಟಕ ಎಂದು ಕಿವಿಗೆ ಬಡಿಯುತ್ತಿತ್ತು.

"ಡಾಕ್ಟ್ರೆ, ಅವಳು ಸುಳ್ಳು ಹೇಳುವುದು ನನಗೋಸ್ಕರ. ನಾನು ಕೊಟ್ಟಿದ್ದೇನೆ. ನನ್ನದು ಕಳೆದ ವರ್ಷದ ಮಾತ್ರೆ ಉಳಿದಿತ್ತು. ಮೂರು ಕೊಟ್ಟೆ. ಹೆಸರು ಗೊತ್ತಿಲ್ಲ" ಎಂದಳು. ಹೇಳಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಡಾಕ್ಟರ್ ಬೈಯುತ್ತಾರೆ ಎಂದುಕೊಂಡಿದ್ದಳು. ಅವರು ಬೈಯಲಿಲ್ಲ. ಹೇಳಿದ್ದು ಒಳ್ಳೆಯದಾಯಿತು ಎಂದರು. ಬಸುರಿಯರಿಗೆ ಆಗದ ಮಾತ್ರೆಗಳಿರುತ್ತವೆ, ಹಾಗಾಗಿ ಅದು ಯಾವುದೆಂದು ತಿಳಿಯಲೇಬೇಕು. ಅಲ್ಲದೆ ಅರ್ಧಂಬರ್ಧ ಮಾತ್ರೆ ತಿಂದಾಗ ಸುಲಭದ ರೋಗಾಣು ಸಾಯುತ್ತದೆ, ಗಟ್ಟಿಯದ್ದು ಉಳಿದು ಬೆಳೆಯುತ್ತದೆ. ಉರಿ ನಿಂತಿತು ಎಂದು ನಾವು ಎಣಿಸುವಾಗ ಅದು ಮೇಲಕ್ಕೆ ಹತ್ತಿರುತ್ತದೆ. ಈಗ ಯಾವ ಮದ್ದು ಕೊಡಬೇಕು ಎಂದು ನೋಡಲು ಈ ಮಾತು ಬೇಕಿತ್ತು ಎಂದರು. ಜ್ಯೋತ್ಸ್ನಾ ಫೋನು ಮಾಡಿ ಹೇಳಿದ ಮೇಲೆ ಊರಿನಲ್ಲಿ ಲೋಕಯ್ಯ ಡಬ್ಬಿ ಹುಡುಕಿ ತೆಗೆದರು, ಬಾವಾಕ ತಮ್ಮ ಮೊಬೈಲಿನಲ್ಲಿ ಮಾತ್ರೆಯ ಹಾಳೆಯ ಫೋಟೋ ತೆಗೆದು ಜ್ಯೋತ್ಸ್ನಾಳಿಗೆ ಕಳಿಸಿದರು. ಅದು ಮಗುವಿಗೆ ಅಪಾಯ ಮಾಡುವ ಜಾತಿಯದ್ದಲ್ಲ ಎಂದು ಡಾಕ್ಟರ್ ಹೇಳಿದಾಗ ರಾಜೀವಿ ನಿಂತಲ್ಲೇ ಊರ ದೈವಕ್ಕೆ ಕೈಮುಗಿದಳು. ಅದು ಅದೃಷ್ಟ, ಅವಳ ಬುದ್ಧಿವಂತಿಕೆ ಅಲ್ಲ.

ಆದರೆ ಮಗು ಹೊಟ್ಟೆಯಲ್ಲಿ ನಿಲ್ಲುತ್ತದೆಯೇ ಎಂದು ಕೇಳಿದರೆ, ಎರಡು ದಿನ ನೋಡಬೇಕು ಎಂದರು. ಸೂಜಿಯ ಮೂಲಕ ಮದ್ದು ಹೋಗುತ್ತಿತ್ತು. ಒಂದು ವೇಳೆ ಬೇಗ ಹುಟ್ಟಿದರೂ ಮಗುವಿನ ಶ್ವಾಸಕೋಶ ಗಟ್ಟಿಯಾಗಿರಲಿ ಎಂದು ಬೇರೊಂದು ಇಂಜೆಕ್ಷನ್ ಕೊಟ್ಟರು. ಮನ್ವಿತ್ ಪಾಣೆಮಂಗಳೂರಿನಿಂದ ಅಂಗಡಿಯ ಅಂಗಿಯಲ್ಲೇ ಓಡಿ ಬಂದ. ರಾಜೀವಿ ಅವನಿಗೂ ಎಲ್ಲವನ್ನೂ ಹೇಳಿದಳು. ಅವನು ನೇರ ಒಳಗೆ ಹೋಗಿ ವಿಸ್ಮಿತಾಳ ಮಂಚದ ಬಳಿ ನಿಂತ.

ಹೊರಗಿನ ಬೆಂಚಿನಲ್ಲಿ ಜ್ಯೋತ್ಸ್ನಾ ಪಕ್ಕ ಬಂದು ಕೂತಳು.

"ಇದು ಕೊಳಕು ಇರುವವರಿಗೆ ಬರುವ ರೋಗ ಅಲ್ವಾ ಜ್ಯೋತ್ಸ್ನಾ? ನನ್ನ ಮಗಳು ದಿನಕ್ಕೆ ಎರಡು ಸಲ ಸ್ನಾನ ಮಾಡ್ತಾಳೆ" ಎಂದಳು ರಾಜೀವಿ. ದನಿಯಲ್ಲಿ ಇನ್ನೂ ಸ್ವಲ್ಪ ಜಗಳ ಉಳಿದಿತ್ತು.

ಜ್ಯೋತ್ಸ್ನಾ ತಾಳ್ಮೆಯಿಂದ ಹೇಳುತ್ತಾ ಹೋದಳು. ಇದು ಯಾರಿಗೂ ಬರಬಹುದು. ಎಲ್ಲರ ಕರುಳಿನಲ್ಲೂ ರೋಗಾಣು ಇರುತ್ತದೆ, ಅಲ್ಲಿದ್ದರೆ ತೊಂದರೆಯಿಲ್ಲ. ಮಲ ಹೋಗುವ ಜಾಗದಿಂದ ಅದು ಮೂತ್ರ ಹೋಗುವ ದಾರಿಗೆ ದಾಟಿದರೆ ಕಷ್ಟ. ಹೆಂಗಸರಲ್ಲಿ ಎರಡೂ ಹತ್ತಿರ ಹತ್ತಿರ, ಮೂತ್ರದ ದಾರಿಯೂ ಗಿಡ್ಡ. ಹಾಗಾಗಿ ತೊಳೆಯುವಾಗ ಯಾವತ್ತೂ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ರೋಗಾಣು ಒಳಗೆ ಹೋದರೂ ಆಗಾಗ ಮೂತ್ರ ಹೋಗುತ್ತಿದ್ದರೆ ಅದನ್ನು ತೊಳೆದುಕೊಂಡು ಹೋಗುತ್ತದೆ. ನೀರೇ ಕುಡಿಯದೆ, ಬಂದದ್ದನ್ನೂ ಗಂಟೆಗಟ್ಟಲೆ ತಡೆದುಕೊಂಡರೆ ಅದಕ್ಕೆ ಅಲ್ಲೇ ಸಂಸಾರ ಹೂಡಲು ಬಿಟ್ಟ ಹಾಗೆ. ಬಸುರಿಯರಿಗೆ ಹೊಟ್ಟೆಯ ಭಾರದಿಂದ ಮೂತ್ರ ಪೂರ್ತಿ ಖಾಲಿಯಾಗುವುದಿಲ್ಲ, ಅವರಿಗೆ ಇನ್ನೂ ಸುಲಭವಾಗಿ ಹಿಡಿಯುತ್ತದೆ. ಕೆಲವು ಬಸುರಿಯರಿಗೆ ಉರಿ ಕೂಡಾ ಇರುವುದಿಲ್ಲ, ಪರೀಕ್ಷೆಯಲ್ಲಿ ಮಾತ್ರ ಗೊತ್ತಾಗುತ್ತದೆ. ಅದಕ್ಕೇ ಆ ಸಣ್ಣ ಬಾಟಲಿ.

ರಾಜೀವಿ ಮೊದಲ ಸಲ ಆ ಖಾಲಿ ಬಾಟಲಿಯನ್ನು ನೆನೆದಳು. ಅದು ಇನ್ನೂ ಮನೆಯಲ್ಲಿ, ಬ್ರಾಂಚಿಗೆ ಹೋಗುವ ಚೀಲದ ತಳದಲ್ಲೇ ಇತ್ತು.

"ಬಿಟ್ಟರೆ ಎಲ್ಲಿಯವರೆಗೆ ಹೋಗ್ತದೆ ಇದು?"

"ಚೀಲದಿಂದ ಕಿಡ್ನಿಗೆ ರಾಜೀವಕ್ಕ. ಆಗ ಚಳಿಜ್ವರ, ಬೆನ್ನು ನೋವು, ವಾಂತಿ. ಅಲ್ಲಿಂದ ರಕ್ತಕ್ಕೆ ಸೇರಿದರೆ ಜೀವಕ್ಕೇ ಬರ್ತದೆ. ಬಸುರಿಯರಲ್ಲಿ ಮಗು ದಿನ ತುಂಬುವ ಮೊದಲೇ ಹುಟ್ಟಬಹುದು, ತೂಕ ಕಡಿಮೆ ಆಗಬಹುದು. ಪದೇ ಪದೇ ಆಗ್ತಾ ಇದ್ದರೆ ಕಿಡ್ನಿಯೇ ಹಾಳಾಗುವುದುಂಟು. ನಿಮಗೂ ವರ್ಷಕ್ಕೆ ಎರಡು ಮೂರು ಸಲ ಆಗ್ತದೆ ಅಂತ ವಿಸ್ಮಿತಾ ಹೇಳಿದಳು."

ತನ್ನ ಬಗ್ಗೆ ಯೋಚಿಸುವ ಸ್ಥಿತಿಯಲ್ಲಿ ರಾಜೀವಿ ಇರಲಿಲ್ಲ. ಬಾಗಿಲಿನ ಸಂದಿಯಿಂದ ಬರುವ ಟಕಟಕ ಸದ್ದಿಗೆ ಮಾತ್ರ ಕಿವಿ ಕೊಟ್ಟು ಕೂತಿದ್ದಳು.

ಮರುದಿನ ಜ್ವರ ಇಳಿಯಲಿಲ್ಲ. ಹೊಟ್ಟೆ ಹಿಡಿಯುವುದು ಕಡಿಮೆಯಾಗಿತ್ತು, ಪೂರ್ತಿ ನಿಂತಿರಲಿಲ್ಲ. ನರ್ಸುಗಳು ಒಳಗೆ ಹೊರಗೆ ಓಡಾಡಿದಾಗಲೆಲ್ಲ ರಾಜೀವಿ ಎದ್ದು ನಿಲ್ಲುತ್ತಿದ್ದಳು. ಇಪ್ಪತ್ತೈದು ವರ್ಷ ಕೂತಲ್ಲಿಂದ ಏಳದವಳು ಆ ದಿನ ಎಷ್ಟು ಸಲ ಎದ್ದಳೋ ಲೆಕ್ಕವಿಲ್ಲ. ಮೂರನೇ ದಿನ ಮೂತ್ರದ ಕಲ್ಚರ್ ರಿಪೋರ್ಟ್ ಬಂತು. ಯಾವ ರೋಗಾಣು, ಯಾವ ಮದ್ದಿಗೆ ಅದು ಬಗ್ಗುತ್ತದೆ ಎಂದು ತೋರಿಸುವ ಪರೀಕ್ಷೆ ಅದು. ರಾಜೀವಿಯ ಡಬ್ಬಿಯ ಮಾತ್ರೆಗೆ ಆ ರೋಗಾಣು ಬಗ್ಗುವುದೇ ಇಲ್ಲ ಎಂದು ಅದರಲ್ಲಿತ್ತು. ಆಸ್ಪತ್ರೆಯಲ್ಲಿ ಕೊಡುತ್ತಿದ್ದ ಮದ್ದಿಗೂ ಅದು ಸರಿಯಾಗಿ ಬಗ್ಗುತ್ತಿರಲಿಲ್ಲ, ಡಾಕ್ಟರ್ ಮದ್ದು ಬದಲಿಸಿದರು. ನಾಲ್ಕನೇ ದಿನ ಬೆಳಿಗ್ಗೆ ಜ್ವರ ಇಳಿದು ಮಗಳ ಹಣೆ ಬೆವರಿತು. ರಾಜೀವಿ ಹೊಟ್ಟೆಯ ಮೇಲೆ ಕೈಯಿಟ್ಟಳು. ಮೆತ್ತಗಿತ್ತು. ಒಳಗಿನಿಂದ ಒಂದು ಒದೆತ ಬಂತು. ಆಗ ಅವಳು ಅತ್ತದ್ದು ಮಾತ್ರ ವಾರ್ಡಿಗೆಲ್ಲ ಕೇಳಿಸಿತು.

ಮನೆಗೆ ಕಳಿಸುವ ದಿನ ಡಾಕ್ಟರ್ ವಿಜೇತಾ, ಉಳಿದ ಮಾತ್ರೆಯನ್ನು ಉರಿ ಇಲ್ಲದಿದ್ದರೂ ಕೊನೆಯವರೆಗೆ ನುಂಗಬೇಕು, ಮುಗಿದ ಮೇಲೆ ಮತ್ತೊಮ್ಮೆ ಮೂತ್ರ ಪರೀಕ್ಷೆ ಮಾಡಿಸಬೇಕು ಎಂದರು. ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಎಂದು ಕೇಳಿದಾಗ ವಿಸ್ಮಿತಾ ನಕ್ಕಳು.

"ನಮ್ಮ ಮನೆಯಲ್ಲಿ ನೀರು ಎಲೆಗೆ ಮಾತ್ರ ಡಾಕ್ಟ್ರೆ. ಎಲೆ ಒಣಗಬಾರದು ಅಂತ ಅಮ್ಮ ದಿನಕ್ಕೆ ಎರಡು ತಂಬಿಗೆ ಹಾಕ್ತಾಳೆ. ಅವಳು ಕುಡಿಯುವುದು ಒಂದು ಲೋಟ ಚಹಾ."

ಮಗಳು ತಮಾಷೆಗೆ ಹೇಳಿದ್ದು. ರಾಜೀವಿಗೆ ನಗು ಬರಲಿಲ್ಲ. ಒಣಗಿದರೆ ಎಲೆ ಒಡೆಯುತ್ತದೆ ಎಂದು ಇಷ್ಟು ವರ್ಷ ಬಲ್ಲವಳಿಗೆ, ಮೈಯೂ ಒಣಗುತ್ತದೆ ಎಂದು ತಿಳಿಯಲು ಮೊಮ್ಮಗುವಿನ ಜೀವ ತುದಿಗೆ ಬರಬೇಕಾಯಿತೇ? ಅವಳು ಒಂದು ಬಾಟಲಿ ನೀರು ಪೂರ್ತಿ ಕುಡಿದು, ತಾನಾಗಿಯೇ ನರ್ಸಮ್ಮನ ಬಳಿ ಹೋಗಿ, ನನ್ನದೂ ಒಮ್ಮೆ ನೋಡಿ ಎಂದು ಪರೀಕ್ಷೆಯ ಬಾಟಲಿ ಕೇಳಿ ಪಡೆದಳು.

ಅವಳ ಪರೀಕ್ಷೆಯಲ್ಲೂ ಸೋಂಕು ಸಿಕ್ಕಿತು. ಸಕ್ಕರೆ ಕಾಯಿಲೆ ಇದ್ದರೂ ಹೀಗೆ ಪದೇ ಪದೇ ಆಗುತ್ತದೆ ಎಂದು ಅದನ್ನೂ ನೋಡಿದರು, ಅದಿರಲಿಲ್ಲ. ಈ ಸಲ ಅವಳು ಮಾತ್ರೆಯನ್ನು ಕೊನೆಯ ಒಂದರವರೆಗೆ ನುಂಗಿದಳು. ಬಿಸ್ಕಿಟ್ ಡಬ್ಬಿಯಲ್ಲಿದ್ದ ಹಳೆಯದನ್ನು ಜ್ಯೋತ್ಸ್ನಾಳ ಕೈಗೆ ಕೊಟ್ಟುಬಿಟ್ಟಳು. ಡಬ್ಬಿಯಲ್ಲಿ ಈಗ ಬಿಸ್ಕಿಟ್ಟೇ ಇದೆ.

ವಿಸ್ಮಿತಾ ಮತ್ತೆ ಬೀಡಿ ಎಲೆ ಮುಟ್ಟಲಿಲ್ಲ, ತಾಯಿಯೇ ಬಿಡಲಿಲ್ಲ. ರಾಜೀವಿ ತನ್ನ ತಡ್ಪೆಯನ್ನೂ ಮಗಳಿಗೆ ಧೂಳು ತಾಗದ ಹಾಗೆ ಜಗಲಿಯಿಂದ ಮನೆಯ ಹಿಂಬದಿಗೆ ಸಾಗಿಸಿದಳು. ಮೇ ತಿಂಗಳ ಕೊನೆಯಲ್ಲಿ ದಿನ ತುಂಬಿ ಹೆಣ್ಣು ಮಗು ಹುಟ್ಟಿತು. ಎರಡು ಮುಕ್ಕಾಲು ಕಿಲೋ. ಮನ್ವಿತ್ ಮಗುವನ್ನು ಮೊದಲು ತಂದು ಕೊಟ್ಟದ್ದು ಅತ್ತೆಯ ಕೈಗೆ. "ನೀವು ಆ ದಿನ ಸತ್ಯ ಹೇಳದಿದ್ದರೆ ಎಂತ ಆಗ್ತಿತ್ತೋ" ಎಂದಷ್ಟೇ ಹೇಳಿದ.

ಈಗ ಬೀಡಿ ಕಟ್ಟಲು ಕೂತ ರಾಜೀವಿಯ ಪಕ್ಕ ಎರಡು ತಂಬಿಗೆಗಳಿವೆ. ಒಂದು ಎಲೆಗೆ. ಇನ್ನೊಂದು, ಮುಚ್ಚಳ ಹಾಕಿದ್ದು, ಅವಳಿಗೆ. ಎಲೆಗೆ ನೀರು ಚಿಮುಕಿಸಲು ಕೈ ಚಾಚಿದಾಗಲೆಲ್ಲ ಕೈ ತೊಳೆದು ತಾನೂ ನಾಲ್ಕು ಗುಟುಕು ಕುಡಿಯುತ್ತಾಳೆ. ಹೋಗಬೇಕೆನಿಸಿದರೆ ತಡ್ಪೆ ಇಳಿಸಿ ಎದ್ದು ಹೋಗುತ್ತಾಳೆ. ಏಳದವಳು ಎಂಬ ಹೆಸರು ಹೋಯಿತು. ಬ್ರಾಂಚಿನ ಸಾಲಿನಲ್ಲಿ ಈಗ ಅವಳು ಬೇರೆ ಹೆಂಗಸರ ಕಿವಿಯಲ್ಲಿ, ಉರಿ ಗಿರಿ ಉಂಟಾ, ಪರೀಕ್ಷೆ ಮಾಡಿಸಿದಿಯಾ ಎಂದು ಕೇಳುತ್ತಾಳೆ. ಕೇಳಿಸಿಕೊಂಡವರು ನಾಚುತ್ತಾರೆ, ಅವಳು ಮಾತ್ರ ನಾಚುವುದಿಲ್ಲ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಓದಿಸಿ ಕೇಳುತ್ತಿರುವ ಅಮ್ಮಂದಿರೇ, ನೀವು ಬೀಡಿ ಕಟ್ಟುವವರಿರಬಹುದು, ಹೊಲಿಗೆ ಮೆಷಿನಿನ ಮುಂದೆ ಕೂರುವವರಿರಬಹುದು, ಗೇರುಬೀಜ ಸುಲಿಯುವವರಿರಬಹುದು. ಕೆಲಸ ನಿಲ್ಲುತ್ತದೆ ಎಂದು ಬಾಯಾರಿಕೆ ಕಟ್ಟಿಕೊಳ್ಳಬೇಡಿ, ಮೂತ್ರ ಕಟ್ಟಿಕೊಳ್ಳಬೇಡಿ. ಉರಿ, ಮತ್ತೆ ಮತ್ತೆ ಹೋಗಬೇಕೆನಿಸುವುದು, ಕಲಕಿದ ಅಥವಾ ರಕ್ತ ಬೆರೆತ ಮೂತ್ರ, ಕೆಳಹೊಟ್ಟೆಯ ನೋವು ಕಂಡರೆ ಉಷ್ಣ ಎಂದು ಕೂರದೆ ಪರೀಕ್ಷೆ ಮಾಡಿಸಿ. ಚಳಿಜ್ವರ, ಪಕ್ಕೆಯ ನೋವು, ವಾಂತಿ ಬಂದರೆ ಆ ದಿನವೇ ಆಸ್ಪತ್ರೆಗೆ ಹೋಗಿ. ಮನೆಯ ಹಿರಿಯರು ಇದ್ದಕ್ಕಿದ್ದಂತೆ ಗಲಿಬಿಲಿಯಾಗಿ ಏನೇನೋ ಮಾತಾಡಿದರೂ ಒಮ್ಮೆ ಮೂತ್ರ ಪರೀಕ್ಷೆ ಮಾಡಿಸಿ, ಅವರಲ್ಲಿ ಈ ಸೋಂಕು ಹಾಗೂ ಕಾಣಿಸಿಕೊಳ್ಳುತ್ತದೆ. ಗಂಡಸರಿಗೂ ಮಕ್ಕಳಿಗೂ ಇದು ಬರುತ್ತದೆ, ಅವರನ್ನೂ ಬಿಡಬೇಡಿ. ಬಸುರಿ ಮನೆಯಲ್ಲಿದ್ದರೆ ಆ ಸಣ್ಣ ಬಾಟಲಿಯನ್ನು ಖಾಲಿ ತರಬೇಡಿ. ಒಬ್ಬರ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬೇಡಿ, ತಮ್ಮದನ್ನು ಅರ್ಧಕ್ಕೆ ಬಿಡಬೇಡಿ. ಡಾಕ್ಟರ ಮುಂದೆ ಏನನ್ನೂ ಮುಚ್ಚಿಡಬೇಡಿ.

ಓದಿ ಮುಗಿಯಿತಲ್ಲ, ಈಗ ಎದ್ದು ಒಂದು ಲೋಟ ನೀರು ಕುಡಿದು ಬನ್ನಿ. ಬೆಳಗಿನಿಂದ ತಡೆದುಕೊಂಡು ಕೂತಿದ್ದರೆ ಮೊದಲು ಹೋಗಿ ಬನ್ನಿ. ತಡ್ಪೆ ಎಲ್ಲಿಗೂ ಹೋಗುವುದಿಲ್ಲ.